ದಂಡೆಯ ಹಾದಿ, ದಂಡೆಯ ಹಕ್ಕು



ಬಾಸ್ಟನ್ ನಗರದ ವಿಜ್ಞಾನ ವಸ್ತುಸಂಗ್ರಹಾಲಯದ ಬಳಿ ಹೊರಟು, ಚಾರ್ಲ್ಸ್ ನದಿಯ ಒಂದು ದಂಡೆಗುಂಟ ಪಶ್ಚಿಮಕ್ಕೆ ಸಾಗಿ, ವಾಟರ್‌ಟೌನ್ ಚೌಕದಲ್ಲಿ ಸೇತುವೆ ದಾಟಿ, ಇನ್ನೊಂದು ದಂಡೆಗುಂಟ ಮರಳುವ ಸೈಕಲ್ ಹಾದಿಗೆ ಡಾಕ್ಟರ್ ಪಾಲ್ ಡಡ್ಲಿ ವೈಟ್ ಅವರ ಹೆಸರಿದೆ. 1955ರಲ್ಲಿ ಹೃದಯಾಘಾತಕ್ಕೆ ಒಳಗಾದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಚಿಕಿತ್ಸೆ ನೀಡಿದ ಹೃದ್ರೋಗ ತಜ್ಞರು ಅವರು. ಹೃದಯದ ಆರೋಗ್ಯಕ್ಕೆ ಸೈಕಲ್ ತುಳಿಯಿರಿ ಎಂದು ಜೀವನವಿಡೀ ಹೇಳುತ್ತ ಬಂದವರು. ಸುತ್ತು ಸುಮಾರು 17 ಮೈಲಿ. ಹೆಚ್ಚು ಏರಿಳಿತವಿಲ್ಲದ ಡಾಂಬರು ದಾರಿ. ಅವಸರವಿಲ್ಲದೆ ತುಳಿಯುವವರಿಗೆ ಒಂದು ಬೆಳಗು ಸಾಕು. ಕೇಂಬ್ರಿಡ್ಜಿನ ಪ್ರಯೋಗಾಲಯಗಳಲ್ಲಿಯೂ ವಾಲ್ಥಮ್‌ನ ಕಚೇರಿಗಳಲ್ಲಿಯೂ ದುಡಿಯುವ ಕನ್ನಡಿಗರಿಗೆ ಈ ಹಾದಿ ಅಪರಿಚಿತವಲ್ಲ. ವಾರದ ದಣಿವನ್ನು ಇಳಿಸಲು ಇದಕ್ಕಿಂತ ಅಗ್ಗದ, ಇದಕ್ಕಿಂತ ಸೊಗಸಾದ ಉಪಾಯ ಈ ನಗರದಲ್ಲಿ ಸಿಗುವುದು ಕಷ್ಟ.

ಇಂಥ ಹಾದಿಯಲ್ಲಿ ಸಾಗುವವರಿಗೆ ಅದು ಪ್ರಕೃತಿ ತಾನಾಗಿಯೇ ಕೊಟ್ಟ ವರವೆಂದು ತೋರುವುದು ಸಹಜ. ನೀರು, ಹುಲ್ಲು, ನೆರಳು, ಆಚೆ ದಡದ ಗೋಪುರಗಳು — ಎಲ್ಲವೂ ಎಂದಿನಿಂದಲೂ ಹೀಗೇ ಇದ್ದಂತೆ ಭಾಸವಾಗುತ್ತದೆ. ಈ ಭಾಸವನ್ನು ಸ್ವಲ್ಪ ಕೆದಕಿ ನೋಡುವುದೇ ಇಂದಿನ ಮಾತಿನ ಉದ್ದೇಶ. ಇಲ್ಲಿನ ಪ್ರತಿ ಮೈಲಿಯ ಕೆಳಗೂ ಒಂದು ಕಾಯಿದೆಯೋ ಒಂದು ಜಗಳವೋ ಹೂತುಹೋಗಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ನದಿಯ ಕೆಳಪಾತ್ರ ಸಮುದ್ರದ ಭರತ ಇಳಿತಗಳಿಗೆ ತೆರೆದಿತ್ತು. ದಿನಕ್ಕೆರಡು ಸಲ ನೀರು ಹಿಂದೆ ಸರಿದಾಗ ಚರಂಡಿಯ ಹೊಲಸು ಬೆರೆತ ಕೆಸರು ಬಯಲಾಗಿ ನಾರುತ್ತಿತ್ತು. ದಂಡೆಯಲ್ಲಿ ಕಸಾಯಿಖಾನೆ, ಕಲ್ಲಿದ್ದಲ ಕಟ್ಟೆ, ಶಸ್ತ್ರಾಗಾರಗಳಿದ್ದವು. 1893ರಲ್ಲಿ ಭೂದೃಶ್ಯ ವಿನ್ಯಾಸಕ ಚಾರ್ಲ್ಸ್ ಎಲಿಯಟ್ ಹಾಗೂ ಪತ್ರಕರ್ತ ಸಿಲ್ವೆಸ್ಟರ್ ಬ್ಯಾಕ್ಸ್‌ಟರ್ ಅವರ ಒತ್ತಾಯದ ಫಲವಾಗಿ ಮಹಾನಗರ ಉದ್ಯಾನ ಆಯೋಗ ಸ್ಥಾಪನೆಯಾಯಿತು. ನದಿಗೆ ಊರುಗಳ ಗಡಿ ಗೊತ್ತಿಲ್ಲವಾದ್ದರಿಂದ ಅದರ ದಂಡೆಯನ್ನು ಊರೂರಿನ ಮರ್ಜಿಗೆ ಬಿಡಲಾಗದು ಎಂಬುದು ಅವರ ವಾದ. ಆಯೋಗವು ದಂಡೆಯ ಭೂಮಿಯನ್ನು ಸಾರ್ವಜನಿಕರ ಹೆಸರಿಗೆ ಪಡೆಯತೊಡಗಿತು. 1910ರಲ್ಲಿ ಅಣೆಕಟ್ಟು ಪೂರ್ಣಗೊಂಡು ಕೆಸರಿನ ಜಾಗದಲ್ಲಿ ಸಿಹಿನೀರಿನ ಸರೋವರ ನಿಂತಿತು. ಇಂದು ಕಣ್ಣಿಗೆ ಬೀಳುವ ಶಾಂತ ನದಿ, ಹೀಗೆ, ಮನುಷ್ಯರ ನಿರ್ಧಾರದಿಂದ ಮೂಡಿದ್ದು.

ಆದರೆ ಒಮ್ಮೆ ಗೆದ್ದ ದಂಡೆ ಗೆದ್ದ ಹಾಗೇ ಉಳಿಯಲಿಲ್ಲ. ಅಣೆಕಟ್ಟಿಗಾಗಿ ದುಡಿದವರಲ್ಲಿ ಪ್ರಮುಖರಾಗಿದ್ದ ಜೇಮ್ಸ್ ಸ್ಟೊರೊ ಅವರು ತೀರಿಕೊಂಡ ಮೇಲೆ ಪತ್ನಿ ಹೆಲೆನ್ ಸ್ಟೊರೊ ದಂಡೆಯ ಉದ್ಯಾನಕ್ಕೆ 10 ಲಕ್ಷ ಡಾಲರ್ ದಾನ ನೀಡಿದರು. ಅಲ್ಲೊಂದು ಹೆದ್ದಾರಿ ಹಾಯಿಸುವ ಯೋಜನೆಯನ್ನು ಅವರು ವಿರೋಧಿಸಿದ್ದರಿಂದ 1929ರಲ್ಲಿ ಅದನ್ನು ಕೈಬಿಡಲಾಯಿತು. ಹೆಲೆನ್ 1944ರಲ್ಲಿ ನಿಧನರಾದರು. ಐದು ವರ್ಷದೊಳಗೆ ಶಾಸನಸಭೆ ಅದೇ ಹೆದ್ದಾರಿಗೆ ಒಪ್ಪಿಗೆ ಕೊಟ್ಟಿತು. 1951ರಲ್ಲಿ ರಸ್ತೆ ತೆರೆಯಿತು. ಅದಕ್ಕಿಟ್ಟ ಹೆಸರು ಸ್ಟೊರೊ ಡ್ರೈವ್! ಇಂದಿಗೂ ಬಾಸ್ಟನ್ ದಂಡೆಯ ಸೈಕಲ್ ಸವಾರನ ಒಂದು ಕಿವಿಗೆ ನೀರಿನ ಸದ್ದು, ಇನ್ನೊಂದು ಕಿವಿಗೆ ಈ ರಸ್ತೆಯ ಮೊರೆತ.

ಮುಂದಿನ ಪೀಳಿಗೆ ಈ ಪಾಠವನ್ನು ಮರೆಯಲಿಲ್ಲ. 1960ರ ದಶಕದಲ್ಲಿ ಎದುರು ದಂಡೆಯ ಮೆಮೋರಿಯಲ್ ಡ್ರೈವ್‌ನ ಸಾಲುಮರಗಳನ್ನು ಕಡಿದು ಕೆಳಸೇತುವೆ ಕಟ್ಟುವ ಯೋಜನೆಯನ್ನು ಕೇಂಬ್ರಿಡ್ಜಿನ ನಾಗರಿಕರು ತಡೆದರು. ನದಿಯನ್ನು ದಾಟಿ ಬಡವರ, ಕಪ್ಪು ಜನರ ಕೇರಿಗಳನ್ನು ಸೀಳಿಕೊಂಡು ಹೋಗಬೇಕಿದ್ದ ಇನ್ನರ್ ಬೆಲ್ಟ್ ಹೆದ್ದಾರಿಯ ವಿರುದ್ಧ ಬಾಡಿಗೆದಾರರು, ಪಾದ್ರಿಗಳು, ವಿಶ್ವವಿದ್ಯಾಲಯದ ಯೋಜನಾ ತಜ್ಞರು ಒಂದಾದರು. 1970ರಲ್ಲಿ ರಾಜ್ಯಪಾಲ ಫ್ರಾನ್ಸಿಸ್ ಸಾರ್ಜೆಂಟ್ ಆ ಕೆಲಸಕ್ಕೆ ತಡೆ ಹಾಕಿದರು. ಬಳಿಕ ಯೋಜನೆಯೇ ರದ್ದಾಯಿತು.

ನೀರಿನ ಕಥೆಯೂ ಹೀಗೆಯೇ. 1965ರಲ್ಲಿ ಚಾರ್ಲ್ಸ್ ಜಲಾನಯನ ಸಂಘ ಹುಟ್ಟಿತು. 1972ರಲ್ಲಿ ಒಕ್ಕೂಟದ ಶುದ್ಧ ಜಲ ಕಾಯಿದೆ ಬಂತು. ಆದರೂ 1995ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಈ ನದಿಗೆ ಕೊಟ್ಟ ದರ್ಜೆ ‘ಡಿ’. ಮಳೆನೀರು ಮತ್ತು ಒಳಚರಂಡಿಯ ಕೊಳವೆಗಳನ್ನು ಬೇರ್ಪಡಿಸುವ, ಕಳ್ಳ ಸಂಪರ್ಕಗಳನ್ನು ಹುಡುಕಿ ಮುಚ್ಚುವ ಸದ್ದಿಲ್ಲದ ಕೆಲಸ ವರ್ಷಗಟ್ಟಲೆ ನಡೆಯಿತು. 2013ರಲ್ಲಿ ದಶಕಗಳ ಬಳಿಕ ಜನ ಅನುಮತಿ ಪಡೆದು ಇಲ್ಲಿ ಈಜಿದರು. ವೃಷಭಾವತಿಯನ್ನು ನದಿಯೆಂದು ಕರೆಯಲು ನಾಲಿಗೆ ಏಳದ ಬೆಂಗಳೂರಿಗರು ಇದನ್ನು ಗಮನಿಸಬೇಕು. ಚಾರ್ಲ್ಸ್ ಶುದ್ಧವಾದದ್ದು ಇಲ್ಲಿನವರು ಹುಟ್ಟಿನಿಂದ ಶುಚಿಯಾದವರು ಎಂಬ ಕಾರಣಕ್ಕಲ್ಲ. ಹೊಲಸು ಬಿಡುವವರನ್ನು ನ್ಯಾಯಾಲಯಕ್ಕೆ ಎಳೆಯಬಲ್ಲ ಕಾನೂನು, ಅದನ್ನು ಬಳಸುವ ಸಂಘಟನೆ, ಕೊಳವೆಗೆ ಹಣ ಹಾಕುವ ಸರ್ಕಾರ — ಈ ಮೂರೂ ಕೂಡಿಬಂದವು.

ವಾಟರ್‌ಟೌನ್ ದಾಟಿ ಮೇಲಕ್ಕೆ ಹೋದರೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಪದ ನೆನಪಾಗುತ್ತದೆ: ಒತ್ತುವರಿ. ಆಯೋಗ ಎಂದೋ ಪಡೆದುಕೊಂಡಿದ್ದ ದಂಡೆಯ ಭೂಮಿಯನ್ನು ಪಕ್ಕದ ಕಾರ್ಖಾನೆಗಳು, ಅಂಗಡಿಗಳು ಕಾಲಕ್ರಮೇಣ ಬೇಲಿ ಹಾಕಿ, ವಾಹನ ನಿಲ್ಲಿಸಿ, ಸಾಮಾನು ಪೇರಿಸಿ ತಮ್ಮದಾಗಿಸಿಕೊಂಡಿದ್ದವು. 1990ರ ದಶಕದಲ್ಲಿ ರಾಜ್ಯದ ಯೋಜನಾಧಿಕಾರಿಗಳು ಹಳೆಯ ದಾಖಲೆ ತೆಗೆದು ಈ ಭೂಮಿ ಸಾರ್ವಜನಿಕರದೆಂದು ತೋರಿಸಿ, ತುಂಡು ತುಂಡಾಗಿ ಬಿಡಿಸಿಕೊಂಡರು. ವಾಲ್ಥಮ್‌ವರೆಗಿನ ಹಸಿರು ಹಾದಿ ಹಾಗೆ ಮೂಡಿತು. ಪರ್ಕಿನ್ಸ್ ಅಂಧರ ಶಾಲೆಯ ಬಳಿ, ಹಗ್ಗ ಹಿಡಿದು ನಡೆಯಬಹುದಾದ, ಬ್ರೈಲ್ ಫಲಕಗಳುಳ್ಳ ಕಿರುದಾರಿಯೊಂದು 2016ರಲ್ಲಿ ಅದಕ್ಕೆ ಸೇರಿತು. ರಾಜಕಾಲುವೆಯ ಒತ್ತುವರಿ ತೆರವಾಗುವುದೇ ಇಲ್ಲ ಎಂಬ ನಿರಾಶೆಗೆ ಈ ಹಾದಿ ಒಂದು ಉತ್ತರ. ಆದರೆ ಬೆಂಗಳೂರಿನಲ್ಲಿ ತೆರವಿನ ಯಂತ್ರ ಬಡವರ ಮನೆಗೆ ಮೊದಲು ತಲುಪುತ್ತದೆ. ಇಲ್ಲಿ ತೆರವಾದದ್ದು ಉದ್ದಿಮೆಗಳ ಬೇಲಿ. ಈ ವ್ಯತ್ಯಾಸ ಸಣ್ಣದಲ್ಲ.

ವಾಲ್ಥಮ್‌ನಲ್ಲಿ ಹಾದಿ ಒಂದು ಹಳೆಯ ಇಟ್ಟಿಗೆಯ ಗಿರಣಿಯ ಬಳಿ ಹಾಯುತ್ತದೆ. 1814ರ ಸುಮಾರಿಗೆ ಬಾಸ್ಟನ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ, ಇದೇ ನದಿಯ ಬಲದಿಂದ, ಹತ್ತಿಯಿಂದ ಬಟ್ಟೆಯವರೆಗಿನ ಎಲ್ಲ ಕೆಲಸವನ್ನೂ ಇಲ್ಲಿ ಒಂದೇ ಸೂರಿನಡಿ ತಂದಿತು. ಆ ಹತ್ತಿಯನ್ನು ಬೆಳೆದವರು ದಕ್ಷಿಣದ ಗುಲಾಮರು. ಮಗ್ಗದ ಮುಂದೆ ನಿಂತ ಯುವತಿಯರು 1821ರಲ್ಲಿಯೇ ಕೂಲಿಕಡಿತವನ್ನು ಪ್ರತಿಭಟಿಸಿ ಕೆಲಸ ನಿಲ್ಲಿಸಿದ್ದರು. ವಿರಾಮದ ಹಾದಿಯೊಂದು ಹೀಗೆ ವಿರಾಮವೇ ಇರದಿದ್ದವರ ನೆನಪಿನ ಪಕ್ಕದಲ್ಲಿ ಸಾಗುತ್ತದೆ.

ಸೈಕಲ್ ಸವಾರಿಯೂ ಎಲ್ಲರ ವಿರಾಮವಾಗಿರಲಿಲ್ಲ. ಕೇಂಬ್ರಿಡ್ಜಿನಲ್ಲಿ 1874ರಲ್ಲಿ ಹುಟ್ಟಿದ ಕಿಟ್ಟಿ ನಾಕ್ಸ್ ಕಪ್ಪು ತಂದೆ, ಬಿಳಿ ತಾಯಿಯ ಮಗಳು, ವೃತ್ತಿಯಲ್ಲಿ ದರ್ಜಿ. ತಾನೇ ಹೊಲಿದ ಸವಾರಿಯ ಉಡುಪಿನಲ್ಲಿ ಸೈಕಲ್ ಹತ್ತಿದವಳು. ಅಮೆರಿಕದ ಸೈಕಲ್ ಸವಾರರ ರಾಷ್ಟ್ರೀಯ ಒಕ್ಕೂಟ 1894ರಲ್ಲಿ ಸದಸ್ಯತ್ವ ಬಿಳಿಯರಿಗೆ ಮಾತ್ರ ಎಂದು ನಿಯಮ ತಂದಿತು. ಅದಕ್ಕೆ ಮೊದಲೇ ಸದಸ್ಯೆಯಾಗಿದ್ದ ನಾಕ್ಸ್ ಮರುವರ್ಷ ಆಸ್ಬರಿ ಪಾರ್ಕಿನ ಸಮಾವೇಶಕ್ಕೆ ತನ್ನ ಸದಸ್ಯತ್ವದ ಚೀಟಿ ಹಿಡಿದು ಹೋದಳು. 1900ರಲ್ಲಿ, ಇಪ್ಪತ್ತಾರರ ಪ್ರಾಯದಲ್ಲಿ, ತೀರಿಕೊಂಡಳು. ಆ ನಿಯಮವನ್ನು ಒಕ್ಕೂಟ ವಿಧ್ಯುಕ್ತವಾಗಿ ತಿರಸ್ಕರಿಸಿದ್ದು 1999ರಲ್ಲಿ. ಈಗ ಕೇಂಬ್ರಿಡ್ಜಿನ ಒಂದು ಸೈಕಲ್ ಹಾದಿಗೆ ಅವಳ ಹೆಸರಿದೆ.

ಇಲ್ಲಿಂದ ಮಾತು ಕಠಿಣ ಪ್ರಶ್ನೆಗೆ ಬರಬೇಕು. ಹಾದಿ ಎಲ್ಲರದೂ ಆಯಿತು. ಹಾದಿಯ ಪಕ್ಕದಲ್ಲಿ ಬದುಕುವ ಹಕ್ಕು ಯಾರದು? ಕೇಂಬ್ರಿಡ್ಜಿನ ರಿವರ್‌ಸೈಡ್ ಕೇರಿ ಹೆಸರಿಗೆ ತಕ್ಕಂತೆ ನದಿಯ ಮಗ್ಗುಲಿನದು. ಕಪ್ಪು ದುಡಿಯುವ ಜನರ ನೆಲೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಕಟ್ಟಡಗಳು ಅತ್ತ ಚಾಚತೊಡಗಿದಾಗ, 1970ರ ಜೂನ್ ತಿಂಗಳ ಪದವಿ ಪ್ರದಾನ ಸಮಾರಂಭದ ವೇದಿಕೆಯನ್ನು ಸಾಂಡ್ರಾ ಗ್ರಹಮ್ ನೇತೃತ್ವದ ನಿವಾಸಿಗಳು ಏರಿ ಅಗ್ಗದ ವಸತಿಗೆ ಬೇಡಿಕೆಯಿಟ್ಟರು. ಮರುವರ್ಷ ಮಾರ್ಚಿನಲ್ಲಿ ಮಹಿಳೆಯರು 888 ಮೆಮೋರಿಯಲ್ ಡ್ರೈವ್‌ನಲ್ಲಿದ್ದ ವಿಶ್ವವಿದ್ಯಾಲಯದ ಕಟ್ಟಡವನ್ನು ವಶಪಡಿಸಿಕೊಂಡಾಗ, ಆ ಕೇರಿಯ ವಸತಿಯೂ ಅವರ ಬೇಡಿಕೆಗಳಲ್ಲಿ ಸೇರಿತ್ತು. ಕೇಂಬ್ರಿಡ್ಜಿನಲ್ಲಿ ಬಾಡಿಗೆ ನಿಯಂತ್ರಣ ಬಂದದ್ದೂ ಇದೇ ಕಾಲದಲ್ಲಿ. 1994ರ ರಾಜ್ಯವ್ಯಾಪಿ ಜನಮತವು ಅದನ್ನು ಅಳಿಸಿತು. ನದಿಯನ್ನು ಶುದ್ಧಗೊಳಿಸುವ ಅಭಿಯಾನ ಬಿರುಸಾದದ್ದು ಅದರ ಮರುವರ್ಷ. ನೀರು ತಿಳಿಯಾಗುತ್ತ ಹೋದ ವರ್ಷಗಳೂ ಬಾಡಿಗೆ ಏರುತ್ತ ಹೋದ ವರ್ಷಗಳೂ ಒಂದೇ. ಹೊಸ ಉದ್ಯಮಗಳ ಸಂಬಳದೊಂದಿಗೆ ಬಂದವರಲ್ಲಿ ಕನ್ನಡಿಗರೂ ಇದ್ದಾರೆ. ಇದರಲ್ಲಿ ವೈಯಕ್ತಿಕ ಅಪರಾಧ ಹುಡುಕಬೇಕಿಲ್ಲ. ಆದರೆ ಈ ನಂಟನ್ನು ಕಾಣದಂತೆ ಕಣ್ಣು ಮುಚ್ಚಲೂ ಆಗದು.

ಮೆಮೋರಿಯಲ್ ಡ್ರೈವ್‌ನ ಒಂದು ಭಾಗವನ್ನು 1970ರ ದಶಕದಿಂದಲೂ ವಸಂತದಿಂದ ಶರತ್ಕಾಲದವರೆಗೆ ಭಾನುವಾರಗಳಂದು ವಾಹನಗಳಿಗೆ ಮುಚ್ಚಿ ಜನರಿಗೆ ಬಿಡಲಾಗುತ್ತದೆ. ಸಾಂಕ್ರಾಮಿಕದ ವರ್ಷಗಳಲ್ಲಿ ಶನಿವಾರವೂ ಸೇರಿತು. 2023ರಲ್ಲಿ ರಾಜ್ಯದ ಇಲಾಖೆ ಶನಿವಾರವನ್ನು ಕೈಬಿಟ್ಟಿತು. ತಿರುಗಿಸಿದ ವಾಹನಗಳು ತಮ್ಮ ಕಿರಿದಾದ ಬೀದಿಗಳಿಗೆ ನುಗ್ಗುತ್ತವೆ ಎಂಬುದು ರಿವರ್‌ಸೈಡ್‌ನ ಹಲವು ನಿವಾಸಿಗಳ ದೂರು. ಸೈಕಲ್ ಪ್ರಿಯರು ಇದನ್ನು ಕಾರುಪ್ರಿಯರ ನೆವವೆಂದು ತಳ್ಳಿಹಾಕುವುದು ಸುಲಭ. ಆದರೆ ಒಬ್ಬರ ವಿರಾಮದ ಹೊಗೆಯನ್ನು ಇನ್ನೊಬ್ಬರ ಮಕ್ಕಳು ಕುಡಿಯಬೇಕೇ ಎಂಬ ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರ ರಸ್ತೆ ತೆರೆಯುವುದರಲ್ಲಿಲ್ಲ. ಆ ಬೀದಿಗಳಲ್ಲಿ ವಾಹನಗಳ ವೇಗ ತಗ್ಗಿಸುವುದು, ಬಸ್ಸು ಹೆಚ್ಚಿಸುವುದು, ನಿರ್ಧಾರದ ಮೇಜಿಗೆ ಕೇರಿಯವರನ್ನು ಮೊದಲು ಕರೆಯುವುದು — ಇವು ಉತ್ತರದ ಭಾಗಗಳು.

ಎದುರು ದಂಡೆಯಲ್ಲಿ, ಬಾಸ್ಟನ್ ವಿಶ್ವವಿದ್ಯಾಲಯದ ಬಳಿ, ಹಾದಿ ಹೆದ್ದಾರಿಗೂ ನೀರಿಗೂ ನಡುವೆ ಇಕ್ಕಟ್ಟಿಗೆ ಸಿಲುಕುತ್ತದೆ. ಆ ಜಾಗವನ್ನು ಜನ ‘ಗಂಟಲು’ ಎನ್ನುತ್ತಾರೆ. ಅದಕ್ಕೆ ಹೊಂದಿಕೊಂಡ ಆಲ್‌ಸ್ಟನ್‌ನಲ್ಲಿ ಹೆದ್ದಾರಿಯನ್ನು ನೆಲಕ್ಕಿಳಿಸಿ, ದಂಡೆಯನ್ನು ಅಗಲಗೊಳಿಸಿ, ಹಾರ್ವರ್ಡ್ ಒಡೆತನದ ವಿಶಾಲ ಭೂಮಿಯಲ್ಲಿ ಹೊಸ ಬಡಾವಣೆಗೆ ಎಡೆಮಾಡುವ ಯೋಜನೆ ವರ್ಷಗಳಿಂದ ಚರ್ಚೆಯಲ್ಲಿದೆ. ಅಲ್ಲಿ ಸೈಕಲ್ ಹಾದಿ ಎಷ್ಟು ಅಡಿ ಅಗಲವಿರಬೇಕು ಎಂದು ಕೇಳುವವರು ಬಹಳ. ಅಲ್ಲಿ ಏಳುವ ಮನೆಗಳಲ್ಲಿ ಆಸ್ಪತ್ರೆಯ ನೆಲ ಒರೆಸುವವರಿಗೆ, ಬಸ್ಸು ಓಡಿಸುವವರಿಗೆ ಎಷ್ಟು ಮೀಸಲು ಎಂದು ಅಷ್ಟೇ ಗಟ್ಟಿಯಾಗಿ ಕೇಳುವವರೂ ಬೇಕು. ಎರಡೂ ಪ್ರಶ್ನೆಗಳನ್ನು ಒಂದೇ ಬಾಯಿ ಕೇಳಿದಾಗ ಮಾತ್ರ ಅವಕ್ಕೆ ಬಲ.

ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದು ಮಾತನಾಡಲು ಪೌರತ್ವದ ಪತ್ರ ಬೇಕಿಲ್ಲ. ವೀಸಾದ ಮೇಲಿರುವ ಇಂಜಿನಿಯರನೂ, ಈಚೆಗೆ ಬಂದ ವಿದ್ಯಾರ್ಥಿನಿಯೂ ಮೈಕಿನ ಮುಂದೆ ಮೂರು ನಿಮಿಷ ನಿಲ್ಲಬಹುದು. ಇಂದು ಯಾರು ಬೇಕಾದರೂ ಸೈಕಲ್ ತುಳಿಯುವ ಈ ದಂಡೆಯನ್ನು ಉಳಿಸಿದವರು ಅಂಥ ಸಭೆಗಳ ಕಟ್ಟಿಗೆಯ ಕುರ್ಚಿಗಳಲ್ಲಿ ರಾತ್ರಿ ಹತ್ತರವರೆಗೆ ಕೂತವರು. ಮುಂದಿನ ಸಭೆಯ ಕುರ್ಚಿಗಳಲ್ಲಿ ಕೆಲವು ಕನ್ನಡಿಗರಿಗಾಗಿಯೂ ಖಾಲಿಯಿವೆ.