ಸೊಂಟನೋವು: ಚೀಲವೊಂದರದೇ ತಪ್ಪೇ?



ಈ ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ನಾನು ಸ್ಟುಡಿಯೋಗೆ ಒಂದು ತೂಕದ ಯಂತ್ರ ತರಿಸಿದ್ದೆ. ಶಾಲಾಚೀಲವೇ ಖಳನಾಯಕನೆಂದು ಮೊದಲೇ ತೀರ್ಮಾನಿಸಿ, ಪ್ರಶ್ನೆಗಳನ್ನೂ ಹಾಗೆಯೇ ಬರೆದಿಟ್ಟಿದ್ದೆ. ಬಂದಿದ್ದ ಮಕ್ಕಳಲ್ಲಿ ಸೊಂಟ ನೋಯುತ್ತದೆ ಎಂದವನು ಒಬ್ಬನೇ ಹುಡುಗ. ಅವನ ಚೀಲವೇ ಎಲ್ಲಕ್ಕಿಂತ ಹಗುರ! ವಿಚಾರಿಸಿದಾಗ ತಿಳಿಯಿತು: ಬೆಳಿಗ್ಗೆ ಟ್ಯೂಷನ್, ಹಗಲು ಶಾಲೆ, ಸಂಜೆ ಮತ್ತೆ ಟ್ಯೂಷನ್. ಆಟವಾಡಿ ಎಷ್ಟು ದಿನವಾಯಿತೆಂಬುದು ಅವನಿಗೇ ನೆನಪಿರಲಿಲ್ಲ.

ಚೀಲದ ಭಾರಕ್ಕೆ ಮಿತಿ ಬೇಕು, ಸಂದೇಹವಿಲ್ಲ. 2019ರಲ್ಲಿ ಕರ್ನಾಟಕ ಸರ್ಕಾರ 6ರಿಂದ 8ನೇ ತರಗತಿಯವರಿಗೆ 4 ಕಿಲೋ, 9 ಮತ್ತು 10ನೇ ತರಗತಿಯವರಿಗೆ 5 ಕಿಲೋ ಎಂದು ಗರಿಷ್ಠ ಮಿತಿ ಹಾಕಿತು. ಆದರೆ 2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯೊಂದು 69 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಚೀಲದ ತೂಕದಿಂದಲೇ ಬೆನ್ನುನೋವು ಬರುತ್ತದೆ ಎನ್ನಲು ಬಲವಾದ ಪುರಾವೆಯಿಲ್ಲ ಎಂದಿತು. ಚೀಲ ಭಾರ ಎಂದು ‘ಅನ್ನಿಸಿದ’ ಮಕ್ಕಳಲ್ಲಿ ಮಾತ್ರ ನೋವು ಹೆಚ್ಚು ಕಂಡದ್ದುಂಟು. ವಿಜ್ಞಾನ ಓದಿದ ನನಗೆ ಇದು ಮೊದಲೇ ತಿಳಿದಿರಬೇಕಿತ್ತು!

ಹಾಗಾದರೆ ಕಾರಣವೇನು? ಹೆಚ್ಚಿನ ಮಕ್ಕಳಲ್ಲಿ ಇಂಥದೇ ಒಂದು ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಸೊಂಟದ ಭಾಗದಲ್ಲಿ 5 ಕಶೇರುಮಣಿಗಳಿವೆ. ಅವುಗಳ ನಡುವೆ ಮೆತ್ತೆಯಂಥ ಬಿಲ್ಲೆಗಳು, ಸುತ್ತಲೂ ಸ್ನಾಯುಗಳು. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತರೆ ಈ ಸ್ನಾಯುಗಳು ದಣಿಯುತ್ತವೆ. ನೇರವಾಗಿ ಕುಳಿತರೂ ಅಷ್ಟೇ! ಹದಿವಯಸ್ಸು ಏರಿದಂತೆ ನೋವಿನ ದೂರೂ ಏರುತ್ತದೆ, ಹುಡುಗಿಯರಲ್ಲಿ ತುಸು ಹೆಚ್ಚು. ಪರೀಕ್ಷೆಯ ಆತಂಕ, ನಿದ್ದೆಗೇಡುಗಳಿಗೂ ಇದರಲ್ಲಿ ಪಾಲುಂಟು. ಅತಿಯಾದ ಆಟವೂ ಕೆಲವೊಮ್ಮೆ ಕಾರಣ: ವೇಗದ ಬೌಲಿಂಗ್ ಮಾಡುವ ಹುಡುಗರು ಸೊಂಟವನ್ನು ಮತ್ತೆ ಮತ್ತೆ ಹಿಂದಕ್ಕೆ ಬಾಗಿಸಿ ತಿರುಚುವುದರಿಂದ ಅಲ್ಲಿಯ ಮೂಳೆ ಸಣ್ಣಗೆ ಬಿರುಕು ಬಿಡಬಹುದು. ಅಂಥ ನೋವನ್ನು ಹಲ್ಲುಕಚ್ಚಿ ಸಹಿಸಿ ಆಡಬೇಡಿ.

ಸಾಮಾನ್ಯ ನೋವು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಾಸಿಗೆ ಹಿಡಿಯಬೇಕಿಲ್ಲ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಸಂಜೆ ಆಡಿ. ಆದರೆ ರಾತ್ರಿ ನಿದ್ದೆ ಕೆಡಿಸುವ ನೋವು, ಜೊತೆಗೆ ಜ್ವರ, ತೂಕ ಇಳಿಯುವುದು, ಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ಮೂತ್ರದ ತೊಂದರೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. “ಈ ವಯಸ್ಸಿಗೆ ಎಂಥ ಸೊಂಟನೋವೋ!” ಎಂದು ಮನೆಯವರು ನಕ್ಕಾರು. ಆ ಹುಡುಗನೂ ಅದಕ್ಕೇ ಅಂಜಿ ಮೂರು ತಿಂಗಳು ಯಾರಿಗೂ ಹೇಳಿರಲಿಲ್ಲ.