ಮನೆಯ ವ್ಯಾಯಾಮಕ್ಕೊಂದು ಹಿಡಿಗುಂಡು

ಪೇಟೆಯ ಆಟದ ಸಾಮಾನಿನ ಅಂಗಡಿಗಳಲ್ಲಿ ಕೆಲವು ವರ್ಷಗಳಿಂದ ಒಂದು ವಸ್ತು ಕಣ್ಣಿಗೆ ಬೀಳುತ್ತಿದೆ. ಕಬ್ಬಿಣದ ಗುಂಡು, ಅದರ ನೆತ್ತಿಯ ಮೇಲೆ ಕಮಾನಿನಂತೆ ಬಾಗಿದ ದಪ್ಪನೆಯ ಹಿಡಿ, ನೆಲದ ಮೇಲೆ ಕೂರುವುದಕ್ಕೆ ಚಪ್ಪಟೆಯಾದ ತಳ. ದೂರದಿಂದ ನೋಡಿದವರಿಗೆ ಮೂತಿಯಿಲ್ಲದ ಕಾಫಿ ಕೆಟಲಿನ ನೆನಪಾದರೆ ಆಶ್ಚರ್ಯವಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಕೆಟಲ್‌ಬೆಲ್ ಎಂದು ಹೆಸರು. ಇದರಲ್ಲಿ ನೀರು ಕಾಯುವುದಿಲ್ಲ, ಇದನ್ನು ಗಂಟೆಯಂತೆ ಬಾರಿಸುವುದಕ್ಕೂ ಆಗುವುದಿಲ್ಲ. ಕನ್ನಡ ಮೇಷ್ಟರಾದ ನನಗೆ ಇದನ್ನು ಹಿಡಿಗುಂಡು ಎಂದು ಕರೆಯಬೇಕೆನ್ನಿಸುತ್ತದೆ. ಅಂಗಡಿಗೆ ಹೋದಾಗ ಮಾತ್ರ ತಾವು ಕೆಟಲ್‌ಬೆಲ್ ಎಂದೇ ಕೇಳಿ. ಹಿಡಿಗುಂಡು ಎಂದರೆ ಅಂಗಡಿಯಾತ ಕಣ್ಣು ಕಣ್ಣು ಬಿಟ್ಟಾನು.

ಇದರ ತೌರು ರಷ್ಯಾ. ಅಲ್ಲಿ ಇದನ್ನು ಗೀರ್ಯ ಎನ್ನುತ್ತಾರೆ. ತಕ್ಕಡಿಯಲ್ಲಿ ಇಡುವ ತೂಕದ ಬಟ್ಟಿಗೂ ಅವರಲ್ಲಿ ಅದೇ ಶಬ್ದ. ಸಂಸ್ಕೃತದ ಗಿರಿಶಬ್ದವನ್ನು ತಂದು ಇದಕ್ಕೆ ಗಂಟು ಹಾಕಬೇಕೆಂದು ಪಂಡಿತರ ನಾಲಗೆ ತುರಿಸುವುದು ಸಹಜ. ಆದರೆ ಧ್ವನಿ ಒಂದೇ ಆದಮಾತ್ರಕ್ಕೆ ನಂಟಸ್ತನ ಹೇಳಹೊರಡುವುದು ತರವಲ್ಲ. ರಷ್ಯನ್ನರ ಹಳೆಯ ತೂಕದ ಮಾನ ಪೂದ್. ನಮ್ಮಲ್ಲಿ 40 ಸೇರಿಗೆ ಒಂದು ಮಣ ಎಂದು ಎಣಿಸುತ್ತಿದ್ದಂತೆ ಅವರಲ್ಲಿ 40 ಫುಂತಿಗೆ ಒಂದು ಪೂದ್. ಈಗಿನ ಲೆಕ್ಕದಲ್ಲಿ ಅದು 16 ಕಿಲೋಗ್ರಾಮಿಗಿಂತ ಚೂರು ಹೆಚ್ಚು. ಅಂಗಡಿಯ ಗುಂಡುಗಳ ಮೇಲೆ 16, 24, 32 ಎಂಬ ಅಂಕಿಗಳು ಮತ್ತೆ ಮತ್ತೆ ಕಾಣುವುದೇಕೆ ಎಂಬ ಪ್ರಶ್ನೆಗೆ ಇದೇ ಉತ್ತರ: ಒಂದು ಪೂದ್, ಒಂದೂವರೆ ಪೂದ್, ಎರಡು ಪೂದ್. ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ವ್ಲಾದಿಸ್ಲಾವ್ ಕ್ರಾಯೆವ್‌ಸ್ಕಿ ಎಂಬ ವೈದ್ಯರು 1885ರಲ್ಲಿ ಅಂಗಸಾಧನೆಯ ಆಸಕ್ತರದೊಂದು ಕೂಟವನ್ನು ಕಟ್ಟಿದರು. ಭಾರವೆತ್ತುವುದು ಜಟ್ಟಿಗಳ ಪ್ರದರ್ಶನಕ್ಕೆ ಮಾತ್ರ ಮೀಸಲಲ್ಲ, ಸಾಮಾನ್ಯ ಗೃಹಸ್ಥನ ಆರೋಗ್ಯಕ್ಕೂ ಉಂಟು ಎಂಬ ಭಾವನೆ ಆ ದೇಶದಲ್ಲಿ ಬೇರೂರಿದ್ದು ಇಂಥವರ ದೆಸೆಯಿಂದ.

ಭಾರವೆತ್ತುವುದು ನಮಗೇನೂ ಹೊಸದಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯವನ್ನು ನೋಡಿದವರು ಈ ಮಾತನ್ನು ಕೇಳುತ್ತಿರಬಹುದು. ಹಳೆಯ ಮೈಸೂರಿನ ಕಡೆಯವರಿಗೆ ಗರಡಿಮನೆಯ ದಂಡ, ಬಸ್ಕಿ, ಗದೆ ಪರಿಚಿತವೇ. ಆದರೆ ಗರಡಿಯಲ್ಲಿ ಒಬ್ಬ ಉಸ್ತಾದ್ ಇರುತ್ತಾನೆ. ಹುಡುಗ ಯಾವ ಗದೆಗೆ ಕೈಯಿಡಬೇಕು, ಯಾವುದನ್ನು ಇನ್ನೂ ಒಂದು ವರ್ಷ ಮುಟ್ಟಬಾರದು ಎಂದು ಅವನ ಕಣ್ಣೇ ಹೇಳುತ್ತದೆ. ಮನೆಗೆ ಕೊಂಡು ತಂದ ಗುಂಡಿನ ಜತೆಗೆ ಉಸ್ತಾದ್ ಬರುವುದಿಲ್ಲ. ಕೊಳ್ಳುವ ಹೊತ್ತಿನಲ್ಲಿ ನಾವು ತೋರಿಸುವ ಎಚ್ಚರವೇ ನಮಗೆ ಉಸ್ತಾದ್ ಆಗಬೇಕು.

ಇದೆಲ್ಲ ಹರೆಯದವರ ಗೊಡವೆ ಎಂದು ಕೆಲವರು ರೇಡಿಯೋದ ಕಿವಿ ತಿರುಗಿಸಲು ಹೊರಟಿರಬಹುದು, ಸ್ವಲ್ಪ ತಾಳಿ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ. ಕೂತಲ್ಲಿಂದ ಏಳುವಾಗ ಕೈ ಮೊಣಕಾಲನ್ನು ಹುಡುಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ನಡಿಗೆಯಂಥ ವ್ಯಾಯಾಮದ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಎಂದಿದೆ. ಈ ಮಾತು ಅರುವತ್ತೈದು ದಾಟಿದವರಿಗೂ ಅನ್ವಯಿಸುತ್ತದೆ. ಗಂಡಸರಿಗೆಷ್ಟೋ ಹೆಂಗಸರಿಗೂ ಅಷ್ಟೇ. ಒಂದು ಚಾಪೆಯಗಲದ ಜಾಗದಲ್ಲಿ, ಒಂದೇ ಉಪಕರಣದಿಂದ ಇದು ಸಾಗುತ್ತದೆ ಎಂಬುದೇ ಹಿಡಿಗುಂಡಿನ ದೊಡ್ಡ ಗುಣ.

ಡಂಬೆಲ್ಸಿಗೂ ಇದಕ್ಕೂ ಏನು ಭೇದ ಎಂದು ಕೇಳುವವರುಂಟು. ಡಂಬೆಲ್ಸಿನಲ್ಲಿ ಭಾರ ಮುಷ್ಟಿಯ ಎರಡು ಬದಿಗೂ ಸಮನಾಗಿ ಹಂಚಿಹೋಗಿರುತ್ತದೆ. ಇಲ್ಲಿ ಭಾರವೆಲ್ಲ ಮುಷ್ಟಿಯಿಂದ ಆಚೆಗೆ, ಬಾವಿಯ ಹಗ್ಗದ ತುದಿಯ ಕೊಡದಂತೆ ತೂಗುತ್ತದೆ. ಆ ಕಾರಣದಿಂದಲೇ ಇದನ್ನು ಕಾಲುಗಳ ನಡುವಿನಿಂದ ಎದೆಯ ಮಟ್ಟಕ್ಕೆ ಉಯ್ಯಾಲೆಯಂತೆ ಬೀಸಬಹುದು. ಬೀಸುವಾಗ ಗುಂಡು ಕೈಯಿಂದ ಕಿತ್ತುಕೊಂಡು ಹೋಗಲು ಹವಣಿಸುತ್ತದೆ. ಅದನ್ನು ತಡೆಯುವುದು ಹಿಡಿಯೊಂದೇ. ಹೀಗಾಗಿ ನನ್ನ ಅಭಿಪ್ರಾಯದಲ್ಲಿ ನಾವು ದುಡ್ಡು ಕೊಡುವುದು ತೂಕಕ್ಕಲ್ಲ, ಹಿಡಿಗೆ. ಬರಿಯ ತೂಕ ಬೇಕಿದ್ದರೆ ಹಿತ್ತಿಲಲ್ಲಿ ಒರಳುಕಲ್ಲು ಇಲ್ಲವೇ?

ಹಿಡಿಯನ್ನು ಪರೀಕ್ಷಿಸುವುದು ಹೇಗೆ? ಒಂದು ಹಳೆಯ ತೆಳು ಹತ್ತಿಯ ಕರವಸ್ತ್ರ ಜೇಬಿನಲ್ಲಿರಲಿ. ಅದನ್ನು ಹಿಡಿಯ ಸುತ್ತ, ವಿಶೇಷವಾಗಿ ಕಮಾನಿನ ಒಳಮೈಯಲ್ಲಿ, ನಿಧಾನವಾಗಿ ಎಳೆಯಿರಿ. ಎರಕ ಹೊಯ್ಯುವಾಗ ಅಚ್ಚಿನ ಎರಡು ಹೋಳು ಕೂಡುವಲ್ಲಿ ಲೋಹ ಸ್ವಲ್ಪ ಹೊರಗೆ ಜಿನುಗಿ ಒಂದು ಏಣು ಉಳಿಯುತ್ತದೆ. ಒಳ್ಳೆಯ ತಯಾರಕರು ಅದನ್ನು ಉಜ್ಜಿ ಸಮ ಮಾಡಿರುತ್ತಾರೆ. ಕೆಲಸ ಮುಗಿದರೆ ಸಾಕೆನ್ನುವವರು ಅದರ ಮೇಲೆಯೇ ಬಣ್ಣ ಬಳಿದುಬಿಡುತ್ತಾರೆ. ಕಣ್ಣಿಗೆ ಕಾಣದ ಏಣಿಗೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ. ಬಟ್ಟೆಯನ್ನು ಹಿಡಿದದ್ದು ಅಂಗೈಯನ್ನು ಬಿಟ್ಟೀತೇ? ಐವತ್ತು ಸಲ ಬೀಸುವಷ್ಟರಲ್ಲಿ ಬೊಬ್ಬೆ ಎದ್ದು ಚರ್ಮ ಸುಲಿದಿರುತ್ತದೆ.

ಇನ್ನು ಹಿಡಿಯ ದಪ್ಪ. ಪಂದ್ಯದ ಗುಂಡುಗಳಲ್ಲಿ ಇದು ಸಾಮಾನ್ಯವಾಗಿ 35 ಮಿಲಿಮೀಟರು. ಸಣ್ಣ ಕೈಯ ಹೆಂಗಸರಿಗೆ ಇದು ತುಸು ದಪ್ಪವೆನಿಸಬಹುದು; ಹಗುರ ಗುಂಡುಗಳಲ್ಲಿ ಇದಕ್ಕಿಂತ ತೆಳುವಾದ ಹಿಡಿಗಳು ಸಿಗುತ್ತವೆ. ಬೆರಳುಗಳು ಸುತ್ತಿ ಬಂದು ಹೆಬ್ಬೆರಳು ತೋರುಬೆರಳನ್ನು ಮುಟ್ಟಬೇಕು, ಇದೇ ಅಳತೆ. ಎರಡು ಕೈಯಲ್ಲೂ ಒಟ್ಟಿಗೆ ಹಿಡಿದು ನೋಡಿ. ಕಿರುಬೆರಳುಗಳು ಕಮಾನಿನ ಮೂಲೆಯಲ್ಲಿ ನಲುಗಿದರೆ ಆ ಗುಂಡು ಬೇಡ. ಬಳಿಕ ಒಂದೇ ಕೈಯಲ್ಲಿ ಹಿಡಿದು, ಗುಂಡನ್ನು ಮುಂಗೈಯ ಹೊರಬದಿಗೆ ಒರಗಿಸಿಕೊಂಡು ಎದೆಯ ಬಳಿ ನಿಲ್ಲಿಸಿ. ಆಗ ಮಣಿಕಟ್ಟು ನೆಟ್ಟಗಿರಬೇಕು. ಕಮಾನಿನ ಕಂಡಿ ತೀರ ಕಿರಿದಾದರೆ ಮಣಿಕಟ್ಟು ಹಿಂದಕ್ಕೆ ಮುರಿದಂತೆ ಬಾಗುತ್ತದೆ. ಕೆಲವರು ತಮ್ಮ ಹೆಸರನ್ನು ಗುಂಡಿನ ಮೈಮೇಲೆ ಉಬ್ಬಕ್ಷರಗಳಲ್ಲಿ ಎರಕ ಹೊಯ್ಯುತ್ತಾರೆ. ಆ ಅಕ್ಷರಗಳು ಮುಂಗೈಯ ಮೂಳೆಗೆ ಒತ್ತುವಂತಿದ್ದರೆ ಅದು ಅಕ್ಷರಾಭ್ಯಾಸವಲ್ಲ, ಶಿಕ್ಷೆ. ಫಳಫಳ ಹೊಳೆಯುವ ಕ್ರೋಮಿಯಂ ಲೇಪದ ಹಿಡಿ ಅಂಗಡಿಯಲ್ಲಿ ಚೆಂದ. ಕೈ ಬೆವೆತಾಗ ಹಾಗಲಕಾಯಿ ಕೂಡ ಅದಕ್ಕಿಂತ ಭದ್ರವಾಗಿ ಹಿಡಿತಕ್ಕೆ ಬಂದೀತು. ಸ್ವಲ್ಪ ತರಿಯಿರುವ, ಬೂದು ಅಥವಾ ಕಪ್ಪು ಬಣ್ಣದ ಪುಡಿಲೇಪವೇ ಮನೆಗೆ ಮೇಲು.

ಹಿಡಿ ಗುಂಡಿಗೆ ಸೇರುವ ಜಾಗವನ್ನು ಕೂಡ ನೋಡಬೇಕು. ಗುಂಡು, ಹಿಡಿ ಎರಡೂ ಒಂದೇ ಎರಕದಲ್ಲಿ ಮೂಡಿದ್ದರೆ ನಿಶ್ಚಿಂತೆ. ನಮ್ಮ ಬೀದಿಯಲ್ಲಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅಗ್ಗಕ್ಕೆ ಸಿಕ್ಕಿತೆಂದು ಪ್ಲಾಸ್ಟಿಕ್ಕಿನ ಚಿಪ್ಪಿನೊಳಗೆ ಸಿಮೆಂಟು ತುಂಬಿದ ಗುಂಡೊಂದನ್ನು ತರಿಸಿಕೊಂಡರು. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ಬೆಳಗ್ಗೆ ಬೀಸುತ್ತಿರುವಾಗ ಹಿಡಿ ಕೈಯಲ್ಲಿ ಉಳಿಯಿತು, ಗುಂಡು ಹೋಗಿ ಗೋಡೆಗೆ ಬಡಿಯಿತು. ಆ ಗೋಡೆಗೆ ಒರಗಿ ಮೊಮ್ಮಗಳು ಹೋಂವರ್ಕ್ ಬರೆಯುತ್ತ ಕುಳಿತಿದ್ದವಳು ಪೆನ್ಸಿಲ್ ತರಲು ಒಳಗೆ ಹೋಗಿದ್ದಳು. ಮಗುವಿನ ಪುಸ್ತಕದ ಮೇಲೆ ಗಾರೆ ಉದುರಿತ್ತು. ಆ ದಿನದಿಂದ ಆ ಮನೆಯ ಯಜಮಾನಿತಿ ವ್ಯಾಯಾಮದ ಮಾತೆತ್ತಿದರೆ ಕೆಂಡವಾಗುತ್ತಾರೆ; ಅವರನ್ನು ತಪ್ಪೆನ್ನುವವರು ಯಾರು?

ಸಿಮೆಂಟಿನ ಗುಂಡಿಗೆ ಇನ್ನೊಂದು ದೋಷವುಂಟು. ಅದನ್ನು ತರಗತಿಯ ಲೆಕ್ಕದಿಂದಲೇ ತೋರಿಸಬಹುದು. ಎರಕದ ಕಬ್ಬಿಣ ಅಷ್ಟೇ ಗಾತ್ರದ ನೀರಿಗಿಂತ ಸುಮಾರು 7 ಪಟ್ಟು ಭಾರ. ಗಟ್ಟಿಯಾದ ಸಿಮೆಂಟಿನ ಗಾರೆ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. 16 ಕಿಲೋ ಕಬ್ಬಿಣವನ್ನು ಉಂಡೆ ಕಟ್ಟಿದರೆ ಅದರ ಅಡ್ಡಳತೆ ಸುಮಾರು 16 ಸೆಂಟಿಮೀಟರು. ಅದೇ ತೂಕದ ಸಿಮೆಂಟಿನ ಉಂಡೆಗೆ 24 ಸೆಂಟಿಮೀಟರು. ಅಂದರೆ ಮೊದಲನೆಯದು ದೊಡ್ಡ ತೆಂಗಿನಕಾಯಿ, ಎರಡನೆಯದು ಸಿಹಿಗುಂಬಳ. ಕುಂಬಳಕಾಯಿಯನ್ನು ಕಾಲುಗಳ ನಡುವೆ ಬೀಸುವುದು ಎಂಥ ಸಾಹಸವೆಂಬುದನ್ನು ತಾವೇ ಊಹಿಸಿಕೊಳ್ಳಬಹುದು.

ಪಂದ್ಯದ ಗುಂಡು ಎಂಬ ಇನ್ನೊಂದು ಜಾತಿ ಇದೆ. ಅದು ಉಕ್ಕಿನದು. 8 ಕಿಲೋ ಆಗಲಿ 32 ಕಿಲೋ ಆಗಲಿ ಹೊರಗಿನ ಗಾತ್ರ ಒಂದೇ: ಎತ್ತರ 28 ಸೆಂಟಿಮೀಟರು, ಅಡ್ಡಳತೆ 21. ಒಳಗಿನ ಟೊಳ್ಳು ಮಾತ್ರ ಹೆಚ್ಚು ಕಡಿಮೆ; ತೂಕವನ್ನು ಬಣ್ಣದಿಂದ ಗುರುತಿಸುತ್ತಾರೆ, 16ಕ್ಕೆ ಹಳದಿ, 24ಕ್ಕೆ ಹಸಿರು, 32ಕ್ಕೆ ಕೆಂಪು. 10 ನಿಮಿಷ ಗುಂಡನ್ನು ಕೆಳಗಿಡದೆ ಎತ್ತುವ ಪಂದ್ಯಗಾರನಿಗೆ ಒಂದೇ ಗಾತ್ರದ ಅಭ್ಯಾಸ ಅಗತ್ಯ. ಬೆಲೆಯೂ ಹೆಚ್ಚು. ನಮ್ಮಂಥವರ ಮನೆಗೆ ಒಂದೇ ಎರಕದ ಸಾಧಾರಣ ಕಬ್ಬಿಣದ ಗುಂಡು ಸಾಕೆಂದು ನನ್ನ ಮತ. ಬಿಲ್ಲೆ ಸೇರಿಸಿ ತೆಗೆದು ತೂಕ ಬದಲಿಸುವ ಮಾದರಿಗಳೂ ಬಂದಿವೆ. ಜಾಗ ಉಳಿಯುತ್ತದೆ, ನಿಜ. ಕಿವಿಯ ಬಳಿ ಹಿಡಿದು ಅಲುಗಿಸಿ. ಒಳಗಿನಿಂದ ಕಟಕಟ ಎಂದರೆ ಅಲ್ಲಿಯೇ ಇಟ್ಟು ಬನ್ನಿ.

ಎಷ್ಟು ತೂಕದ್ದು? ಗಂಡಸರು ಅಭಿಮಾನಕ್ಕೆ ಬಿದ್ದು ಮೋಸ ಹೋಗುವುದು ಇಲ್ಲಿಯೇ. ಮೈಕಟ್ಟಿರುವ ಯುವಕ 16 ಕಿಲೋವಿನಿಂದ ಆರಂಭಿಸಬಹುದು. ವರ್ಷಗಟ್ಟಲೆ ಮೇಜಿನ ಮುಂದೆ ಕುಳಿತವರಿಗೆ 12 ಬೇಕಾದಷ್ಟಾಯಿತು. ಹೆಂಗಸರಿಗೆ ಸಾಮಾನ್ಯವಾಗಿ 8. ಬಿಂದಿಗೆ ಹೊತ್ತು, ಅಕ್ಕಿಮೂಟೆ ಸರಿಸಿ ಪಳಗಿದ ಕೈಯಾದರೆ ಅದು ಬೇಗ ಹಗುರವೆನಿಸೀತು, ಆಗ 12ಕ್ಕೆ ಹೋಗಬಹುದು. ಅರುವತ್ತು ದಾಟಿದವರಿಗೆ 4 ಅಥವಾ 6 ಕಿಲೋ ಕೊಂಡರೆ ಅವಮಾನವೇನೂ ಇಲ್ಲ. ಅಂಗಡಿಯಲ್ಲೇ ಒಂದು ಕೈಯಿಂದ, ಜೋಲಿ ಹೊಡೆಯದೆ, ನಿಧಾನವಾಗಿ ತಲೆಯ ಮೇಲಕ್ಕೆ ಐದು ಸಲ ಎತ್ತಿ ಇಳಿಸಿ ನೋಡಿ. ಬೆನ್ನು ಹಿಂದಕ್ಕೆ ಬಾಗಿದರೆ ಒಂದು ಮೆಟ್ಟಿಲು ಕೆಳಗಿನದನ್ನು ತೆಗೆದುಕೊಳ್ಳಿ. ಬೀಸುವುದಕ್ಕೆ ಇನ್ನೂ ಭಾರವಾದದ್ದು ಹೊಂದುತ್ತದೆ ಎಂಬುದು ನಿಜ, ಏಕೆಂದರೆ ಅಲ್ಲಿ ದುಡಿಯುವುದು ತೋಳಲ್ಲ, ಸೊಂಟ ಮತ್ತು ತೊಡೆ. ಅದು ಎರಡನೆಯ ವರ್ಷದ ಮಾತು. ಮೊದಲೇ ಮೂರು ಗುಂಡುಗಳ ಜೋಡಣೆ ಕೊಂಡವರ ಮನೆಯಲ್ಲಿ ಎರಡು ಗುಂಡು ಬಾಗಿಲಿಗೆ ಒತ್ತುಗಲ್ಲಾಗುತ್ತವೆ.

ಗುಂಡಿನ ಮೇಲೆ ಬರೆದ ತೂಕವನ್ನು ಕಣ್ಣು ಮುಚ್ಚಿ ನಂಬಬೇಡಿ. ಮನೆಯಲ್ಲಿ ನಿಂತು ತೂಗುವ ಯಂತ್ರವಿದ್ದರೆ ಮೊದಲು ಬರಿಗೈಯಲ್ಲಿ, ಆಮೇಲೆ ಗುಂಡನ್ನು ಹಿಡಿದು ನಿಂತು ವ್ಯತ್ಯಾಸ ನೋಡಿ. ಇನ್ನೂರು ಮುನ್ನೂರು ಗ್ರಾಮಿನ ಅಂತರಕ್ಕೆ ಜಗಳವಾಡಬೇಕಿಲ್ಲ. 16 ಎಂದದ್ದು 14 ಬಂದರೆ ಹಿಂದಿರುಗಿಸಿ. ಫೋನಿನ ಮೂಲಕ ತರಿಸುವವರು ಹಿಂದಿರುಗಿಸುವ ಷರತ್ತನ್ನು ಮೊದಲು ಓದಿಕೊಳ್ಳಬೇಕು, ಏಕೆಂದರೆ ಭಾರದ ವಸ್ತುವನ್ನು ಮರಳಿ ಕಳಿಸುವ ಸಾಗಣೆಯ ಖರ್ಚು ಕೆಲವೊಮ್ಮೆ ನಮ್ಮ ತಲೆಗೇ ಬರುತ್ತದೆ. ಸಮನಾದ ನೆಲದ ಮೇಲಿಟ್ಟು ಒಂದು ಬೆರಳಿನಿಂದ ದೂಡಿ ನೋಡಿ. ಕುಂಟಿದರೆ ತಳ ಸರಿಯಾಗಿಲ್ಲ. ಮೇಲಿನ ರಬ್ಬರು ಅಥವಾ ವಿನೈಲ್ ಹೊದಿಕೆ ನೆಲಕ್ಕೆ ಒಳ್ಳೆಯದೇ. ಆದರೆ ಒಳಗಿನ ಎರಕದ ಹುಳುಕನ್ನೂ ಅದು ಮುಚ್ಚಿಡುತ್ತದೆ.

ರಕ್ತದ ಒತ್ತಡ, ಹೃದ್ರೋಗ, ಹರ್ನಿಯಾ, ಬೆನ್ನುಮೂಳೆಯ ತೊಂದರೆ ಇರುವವರು, ಗರ್ಭಿಣಿಯರು, ಈಚೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅಂಗಡಿಗೆ ಹೋಗುವ ಮುನ್ನ ವೈದ್ಯರ ಬಳಿಗೆ ಹೋಗಬೇಕು. ಉಸಿರು ಬಿಗಿಹಿಡಿದು ಭಾರವೆತ್ತಿದರೆ ರಕ್ತದ ಒತ್ತಡ ಥಟ್ಟನೆ ಏರುತ್ತದೆ. ಎತ್ತುವಾಗ ಉಸಿರು ಹೊರಗೆ ಬಿಡಿ. ಬೀಸುವುದನ್ನು ಬಲ್ಲವರೊಬ್ಬರ ಎದುರಿಗೆ ನಾಲ್ಕು ದಿನವಾದರೂ ಕಲಿಯುವುದು ಒಳ್ಳೆಯದು. ಅಲ್ಲಿಯವರೆಗೆ ಗುಂಡನ್ನು ನೆಲದಿಂದ ನೆಟ್ಟಗೆ ಎತ್ತಿ ಇಡುವುದು, ಎದೆಗವಚಿಕೊಂಡು ಬಸ್ಕಿ ಹೊಡೆಯುವುದು, ಇಷ್ಟೇ ಸಾಕು. ಸೊಂಟವನ್ನು ಹಿಂದಕ್ಕೆ ತಳ್ಳಿ, ಮೊಣಕಾಲನ್ನು ಸ್ವಲ್ಪ ಮಡಿಸಿ, ಬೆನ್ನನ್ನು ನೆಟ್ಟಗಿರಿಸಿ ಎತ್ತಿ, ಕೆಳಗಿಡುವಾಗಲೂ ಹಾಗೆಯೇ. ದಣಿದ ಮೈ ಎಚ್ಚರ ತಪ್ಪುವುದು ಬಹುಮಟ್ಟಿಗೆ ಈ ಇಡುವ ಹೊತ್ತಿನಲ್ಲಿ.

ಟೈಲ್ಸಿನ ನೆಲಕ್ಕೆ ದಪ್ಪ ರಬ್ಬರು ಹಾಸು ಬೇಕು. ಗೋಣಿತಾಟನ್ನು ನಾಲ್ಕು ಮಡಿಕೆ ಮಾಡಿದರೂ ನಡೆದೀತು, ಆದರೆ ಕಾಲಡಿಯಲ್ಲಿ ಜಾರಬಾರದು. ಮುಂದೆ ಹಿಂದೆ ಎರಡೆರಡು ಮಾರು ಬಯಲಿರಲಿ. ಮಕ್ಕಳು ಆ ಕೋಣೆಯಲ್ಲೇ ಇರಕೂಡದು. ತಲೆಗೆ ಎಣ್ಣೆ ಹಚ್ಚಿದ ಕೈಯನ್ನು ಸೀಗೆಪುಡಿಯಲ್ಲಿ ತೊಳೆಯದೆ ಗುಂಡನ್ನು ಮುಟ್ಟಬೇಡಿ. ಮುಗಿದ ಮೇಲೆ ಗುಂಡು ನೆಲದ ಮೂಲೆಯಲ್ಲೇ ಇರತಕ್ಕದ್ದು, ಬೀರುವಿನ ಮೇಲಲ್ಲ, ಅಟ್ಟದ ಮೇಲೂ ಅಲ್ಲ. ಮಂಗಳೂರು, ಕಾರವಾರದ ಕಡೆಯ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿನವರು ಬೆವರನ್ನು ದಿನವೂ ಒಣಬಟ್ಟೆಯಿಂದ ಒರೆಸಿ, ಲೇಪ ಕಿತ್ತುಬಂದ ಕಡೆ ಒಂದು ಹನಿ ಯಂತ್ರದೆಣ್ಣೆ ಸವರಬೇಕು. ಗುಂಡಿಗೆ ಮಾತ್ರ, ಹಿಡಿಗೆ ಬೇಡ.