ಹತ್ತು ಜನ ಕೂತು ತೀರ್ಮಾನ ಮಾಡುವುದು ಹೇಗೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಜಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷಗಳ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ನಾನು ಒಂದು ಆಟದ ವಿಷಯ ಹೇಳಿ ಕೂತುಕೊಳ್ಳುತ್ತೇನೆ.

ನಾನು ನಿರ್ದೇಶಕನಾಗಿದ್ದಾಗ ನಮಗೆಲ್ಲ ಒಂದು ತರಬೇತಿ ಶಿಬಿರ ಇತ್ತು. ಉಪನ್ಯಾಸ ಇರುತ್ತೆ ಅಂತ ಹೋದರೆ, ಅಲ್ಲಿಯ ಮೇಷ್ಟ್ರು ಕೈಗೊಂದು ಹಾಳೆ ಕೊಟ್ಟು, ‘ನೀವೆಲ್ಲ ಈಗ ಚಂದ್ರನ ಮೇಲಿದ್ದೀರಿ’ ಅಂದರು!

ಅಮೆರಿಕದ ಮನಶ್ಶಾಸ್ತ್ರಜ್ಞ ಜೇ ಹಾಲ್ ಅವರು 1970ರ ಸುಮಾರಿಗೆ ಬಳಕೆಗೆ ತಂದ ಆಟ ಅದು. ನಮ್ಮ ನೌಕೆ ಚಂದ್ರನ ಬೆಳಕಿರುವ ಭಾಗದಲ್ಲಿ ಕೆಟ್ಟು ಇಳಿದಿದೆ. ಮೂಲ ನೌಕೆ 200 ಮೈಲಿ ದೂರ. ಉಳಿದಿರುವುದು 15 ಸಾಮಾನು: ಆಮ್ಲಜನಕ, ನೀರು, ಹಗ್ಗ, ದಿಕ್ಸೂಚಿ, ಹಾಲಿನ ಪುಡಿ, ಬೆಂಕಿಪೊಟ್ಟಣ ಇತ್ಯಾದಿ. ಯಾವುದು ಮುಖ್ಯ, ಯಾವುದು ಅಲ್ಲ ಅಂತ ಮೊದಲು ಒಬ್ಬೊಬ್ಬರೇ ಬರೆಯಬೇಕು. ಆಮೇಲೆ ಗುಂಪಾಗಿ ಒಂದೇ ಪಟ್ಟಿ ಮಾಡಬೇಕು. ಕೊನೆಗೆ ನಾಸಾ ತಜ್ಞರ ಪಟ್ಟಿಯ ಜೊತೆ ತಾಳೆ ನೋಡಬೇಕು.

ನಮ್ಮ ಗುಂಪಿನ ಹಿರಿಯರೊಬ್ಬರು, ‘ಬೆಂಕಿಪೊಟ್ಟಣ ಇಲ್ಲದೆ ಯಾರಾದ್ರೂ ಊರು ಬಿಡ್ತಾರೇನ್ರಯ್ಯ?’ ಅಂದರು. ನಾವೆಲ್ಲ ಹೂಂ ಅಂದೆವು. ಮೂಲೆಯಲ್ಲಿದ್ದ ಹುಡುಗನೊಬ್ಬ ಏನೋ ಗೊಣಗಿದ, ಯಾರೂ ಕಿವಿಗೊಡಲಿಲ್ಲ. ಉತ್ತರ ನೋಡಿದರೆ ಆಮ್ಲಜನಕ 1, ನೀರು 2, ಬೆಂಕಿಪೊಟ್ಟಣ 15! ಗಾಳಿಯೇ ಇಲ್ಲದ ಕಡೆ ಬೆಂಕಿ ಉರಿಯೋದು ಹೇಗೆ? ಹುಡುಗ ತನ್ನ ಹಾಳೆಯಲ್ಲಿ ಬರೆದದ್ದೂ ಅದನ್ನೇ. ನಮ್ಮೆಲ್ಲರ ಪಟ್ಟಿಗಿಂತ ಅವನೊಬ್ಬನ ಪಟ್ಟಿಯೇ ಮೇಲಾಗಿತ್ತು.

ಆಟವಾದ್ದರಿಂದ ನಕ್ಕೆವು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿಂದಿನ ವರ್ಷ ನಾವು ಗೊಬ್ಬರದ ಗೋದಾಮಿಗೆ ಜಾಗ ಆರಿಸಿದ್ದೂ ಹೀಗೇ. ಹತ್ತು ನಿಮಿಷದಲ್ಲಿ ಠರಾವು, ಸರ್ವಾನುಮತ, ಚಪ್ಪಾಳೆ. ಮೊದಲ ದೊಡ್ಡ ಮಳೆಗೇ ನೀರು ನುಗ್ಗಿ ಯೂರಿಯಾ ಮೂಟೆಗಳು ಕರಗಿಹೋದವು. ಪಕ್ಕದ ಹೊಲದ ತಾಯಿಯೊಬ್ಬರು ಆಮೇಲೆ ಅಂದರು: ‘ಅದು ಹಳ್ಳದ ಹಳೇ ದಾರಿ ಕಣಪ್ಪ. ಸಭೇಲಿ ನಾನೂ ಇದ್ದೆ. ನನ್ನ ಯಾರು ಕೇಳಿದ್ರಿ?’ ಆ ಠರಾವನ್ನು ಅನುಮೋದಿಸಿದವನು ನಾನೇ.

ಮೌನಂ ಸಮ್ಮತಿ ಲಕ್ಷಣಂ ಅಂತಾರೆ. ಸಂಘದ ಸಭೆಗೆ ಈ ಮಾತು ಒಪ್ಪುವುದಿಲ್ಲ. ಸುಮ್ಮನಿದ್ದವರೆಲ್ಲ ಒಪ್ಪಿದವರಲ್ಲ.

ಜೇ ಹಾಲ್ ಅವರು ಗುಂಪಿಗೆ ಕೆಲವು ನಿಯಮ ಹೇಳಿದ್ದಾರೆ. ತನ್ನದೇ ಗೆಲ್ಲಬೇಕೆಂಬ ಹಟ ಬೇಡ. ಜಗಳ ಯಾಕೆ ಅಂತ ಮಾತ್ರಕ್ಕೆ ಒಪ್ಪುವುದೂ ಬೇಡ. ಅವಸರಕ್ಕೆ ಕೈಯೆತ್ತಿಸಿ, ಚೀಟಿ ಎತ್ತಿ ಮುಗಿಸಬೇಡಿ. ಎಲ್ಲರೂ ಬೇಗ ಒಪ್ಪಿದರೆ ಅನುಮಾನಪಡಿ, ಕಾರಣ ಕೇಳಿ. ಹೀಗೆ ನಡೆದುಕೊಂಡ ಗುಂಪುಗಳ ತೀರ್ಮಾನ ಹೆಚ್ಚು ಸರಿ ಬಂತು ಎಂದು ಅವರ ಪರೀಕ್ಷೆಗಳಲ್ಲಿ ಕಂಡಿತು. ಚುನಾವಣೆಗೆ ಮತ ಬೇಕೇ ಬೇಕು. ಆದರೆ ಉಳಿದ ವಿಷಯಕ್ಕೆ ಮತಕ್ಕಿಂತ ಮೊದಲು ಮಾತು ಬೇಕು.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅಂಥ ಹಿರಿಯರು ಹಾಕಿಕೊಟ್ಟ ದಾರಿ ನಮ್ಮದು. ಪಾಲು ಹತ್ತಿರಲಿ ನೂರಿರಲಿ, ಒಬ್ಬ ಸದಸ್ಯನಿಗೆ ಒಂದೇ ಮತ ಎಂಬುದು ಸಹಕಾರದ ತತ್ವ. ಮತ ಸಮ ಅಂದ ಮೇಲೆ ಮಾತಿಗೂ ಸಮನಾದ ಬೆಲೆ ಇರಬೇಕಲ್ಲವೇ?

ಮುಂದಿನ ಸಭೆಗೆ ಹೊಸ ಕಟ್ಟಡದ ವಿಷಯ ಬರಲಿದೆ. ನನ್ನದು ಮೂರೇ ಬಿನ್ನಹ. ಚರ್ಚೆಗೆ ಮೊದಲು ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಚೀಟಿಯಲ್ಲಿ ಬರೆಯಲಿ. ಬರೆಯಲು ಬಾರದವರು ಕಾರ್ಯದರ್ಶಿಗಳಿಗೆ ಹೇಳಿ ಬರೆಸಲಿ. ಹಿಂದೆ ಕೂತವರನ್ನು, ತಾಯಂದಿರನ್ನು ಮೊದಲು ಕೇಳೋಣ. ಅಧ್ಯಕ್ಷರು ಕೊನೆಗೆ ಮಾತಾಡಲಿ. ಅವರು ತಪ್ಪು ತಿಳಿಯಬಾರದು.

ಸಭೆ ಒಂದು ಗಂಟೆ ತಡವಾಗಿ ಮುಗಿದೀತು, ಮುಗಿಯಲಿ ಬಿಡಿ. ಮೂಟೆ ಕರಗಿದ ಮೇಲೆ ಕೂತು ಮಾತಾಡುವುದಕ್ಕಿಂತ ಅದು ಲೇಸು.